ಧ್ವನಿ ಕೇಳಿಸದಾದ ಮೇಲೆ ಫೋನು: ಬ್ರೈಲ್ ಡಿಸ್‌ಪ್ಲೇಗೆ ಹೊರಳಿದ ಒಬ್ಬ ಬಳಕೆದಾರರ ಪ್ರಕರಣ ಅಧ್ಯಯನ

ಕಣ್ಣು ಮತ್ತು ಕಿವಿ ಎರಡೂ ಇಲ್ಲದವರಿಗೆ ಸ್ಮಾರ್ಟ್‌ಫೋನ್ ಕಲಿಸುವವರು, ಅಂಥವರ ಮನೆಯವರು ಮತ್ತು ಆ್ಯಪ್‌ಗಳನ್ನು ರೂಪಿಸುವವರು ಓದಲೆಂದು ಈ ಪ್ರಕರಣವನ್ನು ದಾಖಲಿಸಲಾಗಿದೆ. ಸಂಬಂಧಪಟ್ಟವರ ಹೆಸರು, ಊರು, ಕಚೇರಿ, ಬ್ಯಾಂಕು ಯಾವುದನ್ನೂ ಇಲ್ಲಿ ಹೇಳಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಲಾಗಿದೆ. ಬರಹದ ಕರಡನ್ನು ಅವರೇ ಬ್ರೈಲ್‌ನಲ್ಲಿ ಓದಿ, ಎರಡು ಕಡೆ ತಿದ್ದಿಸಿ, ಪ್ರಕಟಿಸಲು ಒಪ್ಪಿದ್ದಾರೆ.

ಹಿನ್ನೆಲೆ

ಬಳಕೆದಾರರು ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿರುವ, ಐವತ್ತರ ಸಮೀಪದ ಸರ್ಕಾರಿ ನೌಕರರು. ಬಾಲ್ಯದಲ್ಲೇ ದೃಷ್ಟಿ ಹೋಗಿತ್ತು. ಅಂಧ ಮಕ್ಕಳ ವಸತಿ ಶಾಲೆಯಲ್ಲಿ ಕನ್ನಡ ಬ್ರೈಲ್ ಕಲಿತು, ಮುಂದೆ ಟೆಲಿಫೋನ್ ಆಪರೇಟರ್ ಆಗಿ ಸೇರಿದರು. ಆ ಹುದ್ದೆಯಲ್ಲಿ ಕಿವಿಯೇ ಬಂಡವಾಳ. ಆಂಡ್ರಾಯ್ಡ್ ಫೋನ್ ಕೈಗೆ ಬಂದಾಗಲೂ, ಪರದೆಯಲ್ಲಿರುವುದನ್ನು ಓದಿ ಹೇಳುವ ಅದರ ಟಾಕ್‌ಬ್ಯಾಕ್ ಧ್ವನಿಯನ್ನು ಹೊಸಬರಿಗೆ ಅರ್ಥವಾಗದಷ್ಟು ವೇಗಕ್ಕೆ ಏರಿಸಿಕೊಂಡು, ಸಹೋದ್ಯೋಗಿಗಳಿಗೇ ಫೋನ್ ಹೇಳಿಕೊಡುತ್ತಿದ್ದರು. ಬ್ರೈಲ್ ಮಾತ್ರ ಶಾಲೆಯ ಜೊತೆಗೇ ಹಿಂದೆ ಉಳಿದಿತ್ತು.

ನಂತರ ಅವರಿಗೆ ಔಷಧ ನಿರೋಧಕ ಕ್ಷಯರೋಗ ಬಂತು. ಆ ಕಾಲದ ಚಿಕಿತ್ಸೆಯಲ್ಲಿ ಕ್ಯಾನಮೈಸಿನ್ ಚುಚ್ಚುಮದ್ದು ರೂಢಿಯಲ್ಲಿತ್ತು. ಈ ಗುಂಪಿನ ಔಷಧಗಳು ಒಳಗಿವಿಯ ಸೂಕ್ಷ್ಮ ರೋಮಕೋಶಗಳನ್ನು ಕೊಲ್ಲುತ್ತವೆ ಮತ್ತು ಹೋದ ಕೇಳ್ಮೆ ಹಿಂತಿರುಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಕ್ಯಾನಮೈಸಿನ್ ಬಳಸಬಾರದೆಂದು ಹೇಳಿತು. ಇವರಿಗೆ ಆ ಮಾತು ಬರುವಷ್ಟರಲ್ಲಿ ತಡವಾಗಿತ್ತು. ಶ್ವಾಸಕೋಶ ಗುಣವಾಯಿತು, ಆದರೆ ಚಿಕಿತ್ಸೆ ಮುಗಿಯುವ ಹೊತ್ತಿಗೆ ಎರಡೂ ಕಿವಿ ಹೋಗಿದ್ದವು. ಶ್ರವಣ ಸಾಧನದಿಂದ ಪ್ರಯೋಜನವಾಗಲಿಲ್ಲ. ಒಳಗಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್‌ ಬಗ್ಗೆ ವೈದ್ಯರು ಹೇಳಿದರೂ ಇನ್ನೊಂದು ಶಸ್ತ್ರಚಿಕಿತ್ಸೆ ಬೇಡವೆಂದು ಅವರೇ ನಿರ್ಧರಿಸಿದರು. ಆ ನಿರ್ಧಾರದ ಚರ್ಚೆ ಈ ಬರಹದ ವ್ಯಾಪ್ತಿಗೆ ಬರುವುದಿಲ್ಲ.

ಕೆಲಸ ಉಳಿಯಿತು. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ತೆಗೆದುಹಾಕುವಂತಿಲ್ಲ, ಹುದ್ದೆ ಹೊಂದದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕು ಎಂದು 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 20ನೇ ಪ್ರಕರಣ ಹೇಳುತ್ತದೆ. ಅದೇ ಅಧಿನಿಯಮದ ಅನುಸೂಚಿಯಲ್ಲಿ ಕಿವುಡು–ಅಂಧತ್ವವು ಬಹುವಿಧ ಅಂಗವೈಕಲ್ಯದ ಕೆಳಗೆ ಬರುತ್ತದೆ. ಕಚೇರಿ ಅವರನ್ನು ಬೇರೆ ವಿಭಾಗಕ್ಕೆ ಕಳುಹಿಸಿತು. ಆದರೆ ಅಲ್ಲಿ ಮಾಡಲು ಕೆಲಸವನ್ನೇ ಕೊಡಲಿಲ್ಲ, ಏಕೆಂದರೆ ಅವರಿಗೆ ಏನನ್ನಾದರೂ ಹೇಳುವುದು ಹೇಗೆಂದು ಅಲ್ಲಿ ಯಾರಿಗೂ ತಿಳಿಯದು.

ಸಮಸ್ಯೆ

ಅವರ ಸ್ಥಿತಿಯ ವೈಚಿತ್ರ್ಯವೆಂದರೆ ಸಂವಹನ ಒಂದೇ ದಿಕ್ಕಿನಲ್ಲಿ ಮುಚ್ಚಿತ್ತು. ಅವರು ಮೊದಲಿನಂತೆಯೇ ಮಾತನಾಡಬಲ್ಲವರಾಗಿದ್ದರು. ಎದುರಿನವರ ಉತ್ತರ ಮಾತ್ರ ತಲುಪುತ್ತಿರಲಿಲ್ಲ. ಮನೆಯಲ್ಲಿ ಮಗಳು ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆಯುತ್ತಿದ್ದಳು. ಕನ್ನಡ ಅಕ್ಷರವನ್ನು ಅಂಗೈಯಲ್ಲಿ ಗುರುತಿಸುವುದು ಸುಲಭವಲ್ಲ: ಒತ್ತಕ್ಷರ ಬಂದರೆ ಎರಡನೆಯ ಅಕ್ಷರ ಮೊದಲನೆಯದರ ಮೇಲೆಯೇ ಬೀಳುತ್ತದೆ, ದೀರ್ಘದ ಕೊಂಬು ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಇವರು ಬಾಲ್ಯದಿಂದ ಬ್ರೈಲ್ ಕಲಿತವರಾದ್ದರಿಂದ ಮುದ್ರಿತ ಅಕ್ಷರದ ಆಕಾರವನ್ನು ಐವತ್ತರ ಹತ್ತಿರ ಹೊಸದಾಗಿ ಕಲಿಯಬೇಕಾಯಿತು.

ಫೋನ್ ಎಲ್ಲವೂ ಮಗಳ ಕೈಗೆ ಹೋಯಿತು. ಸಂಬಳದ ಸಂದೇಶ, ಬ್ಯಾಂಕಿನ ಒಟಿಪಿ, ಅಣ್ಣತಮ್ಮಂದಿರ ನಡುವಿನ ಆಸ್ತಿಯ ಮಾತು, ಎಲ್ಲವನ್ನೂ ಅವಳು ಓದಿ, ಅದರಲ್ಲಿ ಮುಖ್ಯವೆಂದು ಅವಳಿಗೆ ತೋಚಿದ್ದನ್ನು ಅಂಗೈ ಮೇಲೆ ಬರೆಯುತ್ತಿದ್ದಳು. ಅವಳು ಪ್ರಾಮಾಣಿಕಳು, ತಂದೆಗೂ ಆ ಬಗ್ಗೆ ಸಂಶಯವಿರಲಿಲ್ಲ. ಆದರೆ ಯಾವುದು ಮುಖ್ಯ ಎಂದು ಆರಿಸುವ ಹಕ್ಕು ಮನೆಯ ಇನ್ನೊಬ್ಬರಿಗೆ ಹೋಗಿತ್ತು.

ಮೊದಲ ಯತ್ನ

ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲೇ, ಅವರಿಗೆ ಎರಡನೆಯ ಬಾರಿ ಫೋನ್ ಕಲಿಸಿದ ನಮ್ಮ ತಂಡದ ಬಳಿ ಬರುವ ಮೊದಲು, ದಾನಿಗಳೊಬ್ಬರ ನೆರವಿನಿಂದ 20 ಕೋಶಗಳ (ಒಂದು ಕೋಶವೆಂದರೆ ಒಂದು ಬ್ರೈಲ್ ಅಕ್ಷರದ ಜಾಗ) ಬ್ರೈಲ್ ಡಿಸ್‌ಪ್ಲೇ ಅವರ ಮನೆಗೆ ಬಂದಿತ್ತು. ಪರದೆಯ ಮೇಲಿನ ಅಕ್ಷರಗಳಿಗೆ ತಕ್ಕಂತೆ ಸಣ್ಣ ಪಿನ್ನುಗಳು ಏಳುತ್ತ ಇಳಿಯುತ್ತ ಒಂದು ಸಾಲನ್ನು ರೂಪಿಸುವ, ಬ್ಲೂಟೂತ್ ಮೂಲಕ ಫೋನಿಗೆ ಸೇರುವ ಉಪಕರಣ ಅದು. ಹೆಚ್ಚಿನ ಡಿಸ್‌ಪ್ಲೇಗಳಲ್ಲಿ ಪಿನ್ನುಗಳನ್ನು ಎತ್ತುವುದು ವಿದ್ಯುತ್ ಕೊಟ್ಟಾಗ ಬಾಗುವ ಪೀಜೋ ಸ್ಫಟಿಕಗಳು. ಪ್ರತಿ ಕೋಶಕ್ಕೂ ಎಂಟು ಪಿನ್ನು ಬೇಕಾಗುವುದರಿಂದ ಕೋಶಗಳು ಹೆಚ್ಚಿದಂತೆ ಬೆಲೆ ಏರುತ್ತದೆ, 40 ಕೋಶದ್ದು ಲಕ್ಷ ರೂಪಾಯಿ ದಾಟುತ್ತದೆ. ಹಾಗಾಗಿ 20 ಕೋಶವೇ ನಮ್ಮ ಕಡೆ ಕೈಗೆಟುಕುವ ಅಳತೆ.

ಆಗ ಆಂಡ್ರಾಯ್ಡ್‌ನಲ್ಲಿ ಬ್ರೈಲ್‌ಗೆಂದು ಬ್ರೈಲ್‌ಬ್ಯಾಕ್ ಎಂಬ ಬೇರೆ ಆ್ಯಪ್ ಹಾಕಿಕೊಳ್ಳಬೇಕಿತ್ತು. ತರಬೇತಿ ಕೊಡಲು ಬಂದವರು ಜೋಡಣೆ ಮಾಡಿ, ಕೀಲಿಗಳ ಪಟ್ಟಿಯನ್ನು ಅಂಗೈ ಮೇಲೆ ಬರೆಸಿ, ಅಲ್ಪ ಕಾಲದಲ್ಲಿ ಹಿಂತಿರುಗಿದರು. ಸಂಪರ್ಕ ಪದೇ ಪದೇ ಕಡಿಯುತ್ತಿತ್ತು. ಕಡಿದಾಗ ಬಳಕೆದಾರರ ಬೆರಳಿಗೆ ಸಿಗುತ್ತಿದ್ದುದು ಖಾಲಿ ಸಾಲು, ಮತ್ತು ಅದು ಸಂಪರ್ಕ ಹೋದದ್ದೋ, ಬ್ಯಾಟರಿ ಮುಗಿದದ್ದೋ, ಪರದೆಯಲ್ಲಿ ನಿಜಕ್ಕೂ ಏನೂ ಇಲ್ಲದ್ದೋ ಎಂದು ತಿಳಿಯುವ ದಾರಿ ಇರಲಿಲ್ಲ. ಡಿಸ್‌ಪ್ಲೇ ಪೆಟ್ಟಿಗೆ ಸೇರಿತು. "ಅವರಿಗೆ ಬ್ರೈಲ್ ಮರೆತುಹೋಗಿದೆ" ಎಂಬ ಷರಾ ಕಡತದಲ್ಲಿ ಉಳಿಯಿತು. ವಿಕಲಚೇತನರಿಗೆ ನೆರವಾಗುವ ನಗರ ಪುನರ್ವಸತಿ ಕಾರ್ಯಕರ್ತರೊಬ್ಬರು ಆ ಷರಾವನ್ನು ನಂಬದೆ ನಮಗೆ ಬರೆದದ್ದರಿಂದ ಎರಡನೆಯ ಯತ್ನ 2023ರಲ್ಲಿ ಆರಂಭವಾಯಿತು. ಅಷ್ಟರಲ್ಲಿ ಒಂದು ಅನುಕೂಲವಾಗಿತ್ತು: 2022ರಲ್ಲಿ ಬಂದ ಟಾಕ್‌ಬ್ಯಾಕ್‌ನ 13ನೇ ಆವೃತ್ತಿಯಿಂದ ಬ್ರೈಲ್ ಡಿಸ್‌ಪ್ಲೇಯ ಬೆಂಬಲ ಟಾಕ್‌ಬ್ಯಾಕ್‌ನೊಳಗೇ ಸೇರಿತ್ತು. ಐಫೋನ್‌ನಲ್ಲಿ ಇದು 2010ರಿಂದಲೂ ಇದೆ. ಆ ಕಾರಣಕ್ಕೆ ಫೋನನ್ನೇ ಬದಲಿಸುವ ಮಾತೂ ಬಂತು. ಆಂಡ್ರಾಯ್ಡ್‌ನ ಮೆನುಗಳ ಕ್ರಮ ಅವರಿಗೆ ಬಾಯಿಪಾಠವಾಗಿದ್ದುದರಿಂದ ಹಳೆಯ ಜ್ಞಾನವನ್ನು ಕಳೆಯಬಾರದೆಂದು ಆಂಡ್ರಾಯ್ಡ್‌ನಲ್ಲೇ ಉಳಿದೆವು. ಈ ನಿರ್ಧಾರ ಸರಿಯಾಗಿತ್ತು ಎಂದು ಇಂದಿಗೂ ಅನಿಸುತ್ತದೆ.

ಬೆರಳಿನ ಪರೀಕ್ಷೆ

ಉಪಕರಣ ಮುಟ್ಟುವ ಮೊದಲು ಕೈ ನೋಡಬೇಕೆಂದು ನಮ್ಮ ತಂಡದ ಫಿಸಿಯೋಥೆರಪಿಸ್ಟ್ ಹಠ ಹಿಡಿದರು. ಕ್ಷಯದ ಔಷಧಗಳಲ್ಲಿ ಐಸೋನಿಯಾಜಿಡ್‌ನಂಥ ಕೆಲವು ನರಗಳ ತುದಿಗಳನ್ನು ಬಾಧಿಸುತ್ತವೆ; ಅದಕ್ಕೆಂದೇ ಜೊತೆಗೆ ಪಿರಿಡಾಕ್ಸಿನ್ ಮಾತ್ರೆ ಕೊಡುವುದು ವಾಡಿಕೆ. ಪಾದಗಳಲ್ಲಿ ಜೋಮು ಇದೆಯೆಂದು ಅವರು ಹಿಂದೆಯೇ ಹೇಳಿದ್ದರು, ಆದರೆ ಬೆರಳ ತುದಿಯನ್ನು ಯಾರೂ ಕೇಳಿರಲಿಲ್ಲ. ಬ್ರೈಲ್‌ನ ಒಂದು ಕೋಶದೊಳಗೆ ಚುಕ್ಕಿಯಿಂದ ಚುಕ್ಕಿಗೆ ಸುಮಾರು 2.5 ಮಿಲಿಮೀಟರ್ ಅಂತರ, ಚುಕ್ಕಿಯ ಎತ್ತರ ಸುಮಾರು ಅರ್ಧ ಮಿಲಿಮೀಟರ್. ಎರಡು ಮೊನೆಗಳನ್ನು ಎರಡೆಂದು ಗುರುತಿಸುವ ಶಕ್ತಿ ಆರೋಗ್ಯವಂತ ಬೆರಳ ತುದಿಯಲ್ಲೂ 2–3 ಮಿಲಿಮೀಟರ್‌ನಷ್ಟೇ ಇರುವುದರಿಂದ, ಸ್ವಲ್ಪ ಮರಗಟ್ಟಿದರೂ ಬ್ರೈಲ್ ಕಲಸಿಹೋಗುತ್ತದೆ.

ಶಾಲೆಯ ಕಾಲದಿಂದ ಅವರು ಓದುತ್ತಿದ್ದುದು ಬಲಗೈಯ ತೋರುಬೆರಳಿನಿಂದ. ಪರೀಕ್ಷೆಯಲ್ಲಿ ಎರಡೂ ಕೈಗಳ ಸ್ಪರ್ಶ ಕುಗ್ಗಿತ್ತು, ಆದರೆ ಬಲಗೈಯಲ್ಲಿ ಹಳೆಯ ಸುಟ್ಟ ಕಲೆಯೂ ಸೇರಿ ತೀರ ಮಂದವಾಗಿತ್ತು. ಎಡಗೈಯ ತೋರುಬೆರಳು ಮಾತ್ರ ಚುಕ್ಕಿಗಳನ್ನು ಬಿಡಿಬಿಡಿಯಾಗಿ ಎಣಿಸಬಲ್ಲದಾಗಿತ್ತು. ಅಂದರೆ ಅವರು ಬ್ರೈಲ್ ಮರೆತಿರಲಿಲ್ಲ. ಓದುವ ಬೆರಳು ಕೈಕೊಟ್ಟಿತ್ತು. ಎಡಗೈಗೆ ಹೊರಳಲು ನಿರ್ಧರಿಸಿದೆವು. ಮೊದಲ ವಾರಗಳಲ್ಲಿ ಫೋನ್ ತರಲೇ ಇಲ್ಲ: ದಪ್ಪ ಕಾಗದದ ಮೇಲೆ ಒತ್ತಿದ ಕನ್ನಡ ಬ್ರೈಲ್, ಮೊದಲು ಬಿಡಿ ಅಕ್ಷರ, ಆಮೇಲೆ ಅವರಿಗೆ ಕಂಠಪಾಠವಾಗಿದ್ದ ವಚನಗಳು. ಗೊತ್ತಿರುವ ಸಾಲನ್ನು ಬೆರಳು ಬೇಗ ಊಹಿಸುತ್ತದೆ, ಊಹೆ ಸರಿಯಾದಾಗ ಧೈರ್ಯ ಬರುತ್ತದೆ. ಭಾರತಿ ಬ್ರೈಲ್‌ನಲ್ಲಿ (ಭಾರತೀಯ ಭಾಷೆಗಳ ಬ್ರೈಲ್ ಪದ್ಧತಿ) ಅರ್ಧಾಕ್ಷರಕ್ಕೆ 4ನೇ ಚುಕ್ಕಿ ವ್ಯಂಜನಕ್ಕಿಂತ ಮೊದಲು ಬರುತ್ತದೆ, ಸ್ವರ ವ್ಯಂಜನದ ನಂತರ ಬರುತ್ತದೆ. ಆ ನಿಯಮಗಳೆಲ್ಲ ಅವರ ನೆನಪಿನಲ್ಲಿ ಹಾಗೇ ಇದ್ದವು.

ಡಿಸ್‌ಪ್ಲೇಯೇ ಪಾಠದ ಹಲಗೆ

ಫೋನ್ ಪಾಠ ಆರಂಭವಾದಾಗ ಹಳೆಯ ತೊಡಕು ಮತ್ತೆ ಎದುರಾಯಿತು. ಬ್ರೈಲ್ ಚುಕ್ಕಿಗಳಿಗೆ ಸಂಖ್ಯೆಗಳಿವೆ, ಡಿಸ್‌ಪ್ಲೇಯಲ್ಲಿ ಪ್ರತಿ ಚುಕ್ಕಿಗೂ ಒಂದು ಕೀಲಿ ಇರುತ್ತದೆ. "ಸ್ಪೇಸ್ ಮತ್ತು 4ನೇ ಚುಕ್ಕಿ ಒಟ್ಟಿಗೆ ಒತ್ತಿದರೆ ಮುಂದಿನ ಅಂಶ, ಸ್ಪೇಸ್ ಮತ್ತು 1ನೇ ಚುಕ್ಕಿ ಒತ್ತಿದರೆ ಹಿಂದಿನದು" ಎಂಬ ಒಂದು ವಾಕ್ಯವನ್ನು ಅಂಗೈ ಮೇಲೆ ಬರೆಯಲು ನಿಮಿಷಗಟ್ಟಲೆ ಬೇಕು, ಅಷ್ಟು ಹೊತ್ತು ಅವರ ಕೈ ಡಿಸ್‌ಪ್ಲೇಯಿಂದ ದೂರವಿರುತ್ತದೆ. ಕಲಿಸುವುದು ಮತ್ತು ಮಾಡುವುದು ಎರಡಕ್ಕೂ ಅದೇ ಕೈ ಬೇಕು.

ಪರಿಹಾರ ಬಹಳ ಸರಳವಾಗಿತ್ತು. ಅವರ ಫೋನಿನಲ್ಲಿ ನನ್ನ ಜೊತೆಗಿನ ವಾಟ್ಸ್‌ಆ್ಯಪ್ ಸಂಭಾಷಣೆಯನ್ನು ತೆರೆದಿಟ್ಟು, ಪಕ್ಕದಲ್ಲೇ ಕುಳಿತು ನನ್ನ ಫೋನಿನಿಂದ ಕನ್ನಡದಲ್ಲಿ ಬರೆಯತೊಡಗಿದೆ. ನಾನು ಬರೆದದ್ದು ಅವರ ಬೆರಳ ಕೆಳಗೆ ಮೂಡುತ್ತಿತ್ತು, ಅವರು ಬಾಯಲ್ಲಿ ಉತ್ತರ ಕೊಡುತ್ತಿದ್ದರು. ಯಾವ ಕೀಲಿ ಒತ್ತಬೇಕೆಂದು ಓದಿ, ಒತ್ತಿ, ಬೇರೆಡೆ ಹೋಗಿ, ಮತ್ತೆ ಸಂಭಾಷಣೆಗೆ ಹಿಂತಿರುಗುವುದೇ ಅಭ್ಯಾಸವಾಯಿತು. ಕಿವಿ ಹೋದ ಮೇಲೆ ಇನ್ನೊಬ್ಬರು ಹೇಳಿದ ಇಡೀ ವಾಕ್ಯ, ಸಂಕ್ಷೇಪವಾಗದೆ, ಅವರಿಗೆ ತಲುಪಿದ್ದು ಅದೇ ಮೊದಲು. ಈ ಪ್ರಕರಣದ ನಿಜವಾದ ತಿರುವು ಯಾವುದೆಂದು ಕೇಳಿದರೆ ಇದನ್ನೇ ತೋರಿಸುತ್ತೇನೆ.

ಮೊದಲಿಗೆ ಅವರು ಪರದೆಯ ಮೇಲೆ ಬೆರಳಾಡಿಸುವ ಹಳೆಯ ರೂಢಿಯನ್ನೂ ಡಿಸ್‌ಪ್ಲೇಯನ್ನೂ ಬೆರೆಸಿ ಬಳಸುತ್ತಿದ್ದರು. ತಡೆಯಲಿಲ್ಲ. ಪ್ರತಿ ಬಾರಿ ಪರದೆಗೆ ಕೈ ಹೋದಾಗ ಓದುತ್ತಿದ್ದ ಜಾಗ ತಪ್ಪುತ್ತದೆಂದು ಅವರಿಗೇ ತಿಳಿದ ಮೇಲೆ ಕೈಗಳು ತಾವಾಗಿಯೇ ಡಿಸ್‌ಪ್ಲೇಯ ಕೀಲಿಗಳಲ್ಲಿ ನೆಲೆಸಿದವು.

ಸೆಕೆಂಡುಗಳ ಲೆಕ್ಕ

ಇಲ್ಲಿಂದ ಮುಂದಿನ ಕಷ್ಟಗಳೆಲ್ಲ ಒಂದೇ ಬೇರಿನವು. ಫೋನಿನ ವಿನ್ಯಾಸ ಒಂದು ನೋಟದಲ್ಲಿ ಪರದೆಯನ್ನು ಗ್ರಹಿಸುವವರಿಗಾಗಿ ಆದದ್ದು. ಕಿವಿಯಿಂದ ಬಳಸುವವರೂ ವೇಗವಾಗಿ ಕೇಳಿ ಅದರ ಹತ್ತಿರಕ್ಕೆ ಹೋಗಬಲ್ಲರು. 20 ಕೋಶದ ಸಾಲಿನಲ್ಲಿ, ನಿಮಿಷಕ್ಕೆ ಹತ್ತು–ಹದಿನೈದು ಪದ ಓದುವ ಬೆರಳಿಗೆ, ಪರದೆ ಎಂದರೆ ಒಂದರ ಹಿಂದೆ ಒಂದು ಬರುವ ತುಣುಕುಗಳ ಸರಣಿ. ಆಂಡ್ರಾಯ್ಡ್‌ನಲ್ಲಿ ಪರದೆಯ ಕೆಳಭಾಗದಲ್ಲಿ ತೋರಿ ಮರೆಯಾಗುವ ಸಣ್ಣ ಸೂಚನೆಗಳು ಸಾಮಾನ್ಯವಾಗಿ 2 ಸೆಕೆಂಡು ಅಥವಾ ಮೂರೂವರೆ ಸೆಕೆಂಡು ಮಾತ್ರ ಇರುತ್ತವೆ. "ನಾ ಮೊದಲನೇ ಅಕ್ಷರ ಹಿಡಿಯೂದ್ರಾಗ ಅದು ಹೊಂಟ್ ಹೋಗಿರ್ತದ್ರೀ ಮೇಡಂ" ಎಂದರು.

ಆಂಡ್ರಾಯ್ಡ್ 10ರಿಂದ, ಮರೆಯಾಗುವ ಸಂದೇಶಗಳು ಎಷ್ಟು ಹೊತ್ತು ನಿಲ್ಲಬೇಕೆಂದು ಎರಡು ನಿಮಿಷದವರೆಗೆ ಹೆಚ್ಚಿಸಿಕೊಳ್ಳುವ ಆಯ್ಕೆ ಪ್ರವೇಶಸಾಧ್ಯತೆಯ ಸೆಟ್ಟಿಂಗ್‌ಗಳಲ್ಲಿದೆ. ಅದನ್ನು ಗರಿಷ್ಠಕ್ಕೆ ಇಟ್ಟೆವು. ಎಲ್ಲ ಆ್ಯಪ್‌ಗಳೂ ಅದನ್ನು ಪಾಲಿಸುವುದಿಲ್ಲ, ಆದರೂ ಸ್ವಲ್ಪ ಉಸಿರಾಡಲು ಆಯಿತು. ಪರದೆ ಆರುವ ಅವಧಿಯನ್ನೂ ಹೆಚ್ಚಿಸಿದೆವು. ಸಂದೇಶ ಬಂದದ್ದು ತಿಳಿಯಲು ಕೈಗೆ ಕಂಪಿಸುವ ಪಟ್ಟಿ ಕಟ್ಟಿಸಿದೆವು. ಕರೆ ಬಂದರೆ ಮಾತ್ರ ಅವರು ತಮ್ಮದೇ ಉಪಾಯ ಕಂಡುಕೊಂಡರು: ಫೋನ್ ಎತ್ತಿ, "ನನಗ ಕೇಳಸಂಗಿಲ್ಲ, ಬರದು ಕಳಸ್ರಿ" ಎಂದು ಎರಡು ಬಾರಿ ಹೇಳಿ ಇಡುವುದು. ಸಾಲದ ಆಮಿಷದ ಕರೆ ಮಾಡುವವರಿಗೂ ಇದೇ ಉತ್ತರ ಸಿಗುತ್ತದೆ.

ಅವರು ಆರಿಸಿದ ಮೊದಲ ಗುರಿ ಸಂಬಳದ ಸಂದೇಶವನ್ನು ತಾವೇ ಓದುವುದು. ನಾವು ಮನೆಯವರ ಜೊತೆಗಿನ ಹರಟೆಯಿಂದ ಆರಂಭಿಸೋಣವೆಂದಿದ್ದೆವು, ಅವರು ಕೇಳಲಿಲ್ಲ. ಬ್ಯಾಂಕಿನ ಸಂದೇಶಗಳು ಇಂಗ್ಲಿಷ್‌ನಲ್ಲಿ ಬರುತ್ತವೆ. ಡಿಸ್‌ಪ್ಲೇ ಕನ್ನಡ ಪಟ್ಟಿಯಲ್ಲಿದ್ದಾಗ (ಯಾವ ಅಕ್ಷರಕ್ಕೆ ಯಾವ ಚುಕ್ಕಿಗಳೆಂದು ಫೋನಿಗೆ ಹೇಳುವ ಪಟ್ಟಿ) ಅವು ಕ್ರಮವಾಗಿ ಮೂಡುತ್ತಿರಲಿಲ್ಲ. ಇಂಗ್ಲಿಷ್‌ನ ಸಂಕ್ಷಿಪ್ತ ಬ್ರೈಲ್ ಅವರು ಕಲಿತವರಲ್ಲ, ಈಗ ಕಲಿಸುವುದೂ ವ್ಯರ್ಥವೆಂದು ಬಿಡಿಸಿ ಬರೆಯುವ ಇಂಗ್ಲಿಷ್ ಬ್ರೈಲನ್ನು ಎರಡನೆಯ ಪಟ್ಟಿಯಾಗಿ ಸೇರಿಸಿ, ಎರಡರ ನಡುವೆ ಬದಲಿಸುವುದನ್ನು ಕಲಿಸಿದೆವು. ಅಂಕಿಗಳ ವಿಷಯದಲ್ಲಿ ಒಂದು ಸೌಕರ್ಯವಿತ್ತು: ಆರು ಚುಕ್ಕಿಯ ಬ್ರೈಲ್‌ನಲ್ಲಿ 3-4-5-6 ಚುಕ್ಕಿಗಳ ಸಂಖ್ಯಾಚಿಹ್ನೆ ಮತ್ತು ಅದರ ನಂತರದ ಅಂಕಿಗಳು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಒಂದೇ. ಆದ್ದರಿಂದ ಒಟಿಪಿ ಸಂದೇಶವನ್ನು ಆದ್ಯಂತ ಓದದೆ, ಸಂಖ್ಯಾಚಿಹ್ನೆಯನ್ನು ಮಾತ್ರ ಹುಡುಕುತ್ತ ಸಾಲುಗಳನ್ನು ಮುಂದೂಡುವ ಅಭ್ಯಾಸ ಮಾಡಿಸಿದೆವು. ಕಾರ್ಡಿನ ಕೊನೆಯ ನಾಲ್ಕಂಕಿ, ಮೊತ್ತ, ಒಟಿಪಿ ಮೂರನ್ನೂ ಬೇರೆ ಮಾಡಿ ಗುರುತಿಸಬೇಕಾದ್ದರಿಂದ ಆರಂಕಿ ಸಿಗುವವರೆಗೆ ನಿಲ್ಲಬಾರದೆಂಬ ನಿಯಮ ಅವರೇ ಹಾಕಿಕೊಂಡರು.

ಇಷ್ಟಾದರೂ ಬ್ಯಾಂಕಿನ ಆ್ಯಪ್ ಗೆಲ್ಲಲಾಗಲಿಲ್ಲ. ಒಟಿಪಿ ಓದಲು ಸಂದೇಶಕ್ಕೆ ಹೋಗಿ ಹಿಂತಿರುಗುವಷ್ಟರಲ್ಲಿ ಆ್ಯಪ್ ಹೊರಹಾಕಿರುತ್ತಿತ್ತು. ಇಂಟರ್ನೆಟ್ ಬೇಡದ *99# ಬ್ಯಾಂಕಿಂಗ್ ಸೇವೆಯನ್ನು ನೋಡಿದೆವು. ಅದರ ಪ್ರತಿ ಹಂತಕ್ಕೂ ಇರುವ ಕಾಲಮಿತಿ ಇನ್ನೂ ಕಿರಿದು. ಬಳಸುವವರು ಮನುಷ್ಯರೇ ಎಂದು ಪರೀಕ್ಷಿಸುವ ಜಾಲತಾಣದ ಕ್ಯಾಪ್ಚಾದಲ್ಲಂತೂ ಚಿತ್ರ ನೋಡಿ ಅಥವಾ ಧ್ವನಿ ಕೇಳಿ ಎಂಬ ಎರಡೇ ಬಾಗಿಲು, ಇವರಿಗೆ ಎರಡೂ ಮುಚ್ಚಿದವು. ಹಣ ಕಳುಹಿಸುವ ಕೆಲಸವನ್ನು ಶಾಖೆಗೇ ಉಳಿಸಿ, ಫೋನಿನಲ್ಲಿ ಖಾತೆಯ ಸಂದೇಶಗಳನ್ನು ಓದುವುದಕ್ಕೆ ಮಾತ್ರ ಸೀಮಿತಗೊಳಿಸಲು ಅವರು ಒಪ್ಪಿದರು. ಇದು ಹಿನ್ನಡೆ. ಆದರೆ ಹಣ ಹೋದದ್ದು ಬಂದದ್ದು ಈಗ ಅವರಿಗೆ ಮಗಳಿಗಿಂತ ಮೊದಲು ತಿಳಿಯುತ್ತದೆ.

ಎದುರಿನವರ ಅಭ್ಯಾಸ

ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುತ್ತಿದ್ದುದರಲ್ಲಿ ಬ್ರೈಲ್ ಆಗಬಲ್ಲದ್ದು ಅತ್ಯಲ್ಪ. ಧ್ವನಿ ಸಂದೇಶ, ಮದುವೆ ಕಾಗದದ ಫೋಟೊ, ಶುಭೋದಯದ ಚಿತ್ರ, ಸ್ಟಿಕ್ಕರ್. ಉಳಿದದ್ದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಭಾರತಿ ಬ್ರೈಲ್‌ನಲ್ಲಿ ಹಲವು ವ್ಯಂಜನಗಳಿಗೆ ಇಂಗ್ಲಿಷ್‌ನ ಸಮಾನ ಅಕ್ಷರಗಳ ಚುಕ್ಕಿಗಳೇ ಇರುವುದರಿಂದ ಇಂಗ್ಲಿಷ್ ಪಟ್ಟಿಗೆ ಬದಲಿಸಿಕೊಂಡರೆ ಅವರು ಅದನ್ನೂ ಅರ್ಧಂಬರ್ಧ ಓದುತ್ತಿದ್ದರು. ಆದರೆ ಲ–ಳ, ನ–ಣ, ತ–ಟ ಎಲ್ಲ ಒಂದಾಗಿ, ದೀರ್ಘಗಳು ಬರೆದವರ ಮರ್ಜಿಯಂತಾಗಿ, ಒಂದು ಸಾಲಿಗೆ ಮೂರು ಪಟ್ಟು ಹೊತ್ತು ಹಿಡಿಯುತ್ತಿತ್ತು.

ಇದಕ್ಕೆ ಬಳಕೆದಾರರಿಗೆ ಕಲಿಸಬೇಕಾದ್ದು ಏನೂ ಇರಲಿಲ್ಲ. ಮನೆಯವರನ್ನೂ ಕಚೇರಿಯ ಮೂವರನ್ನೂ ಕೂಡಿಸಿ ಫೋನಿನ ಕನ್ನಡ ಕೀಲಿಮಣೆ ತೋರಿಸಿದೆವು. ಕನ್ನಡದಲ್ಲಿ ಮಾತನಾಡಿದರೆ ಅಕ್ಷರವಾಗುವ ಸೌಲಭ್ಯವನ್ನು ಹೆಚ್ಚಿನವರು ಇಷ್ಟಪಟ್ಟರು, ಟೈಪ್ ಮಾಡಲು ಬೇಸರಿಸುವ ಅಣ್ಣನವರಿಗೆ ಅದೇ ದಾರಿಯಾಯಿತು. ಮುಖ್ಯ ಮಾತು ಮೊದಲು, ಪೀಠಿಕೆ ಆಮೇಲೆ. ಒಂದು ಸಂದೇಶಕ್ಕೆ ಒಂದು ವಿಷಯ. ಫೋಟೊ ಕಳುಹಿಸಿದರೆ ಕೆಳಗೆ ಒಂದು ಸಾಲು. ಕಚೇರಿಯಲ್ಲಿ ಈ ಮೂರು ಮಾತನ್ನು ಯಾರೋ ಮುದ್ರಿಸಿ ಗೋಡೆಗೆ ಅಂಟಿಸಿದರು, ಹಾಗೂ ಅವರಿಗೆ ಅರ್ಜಿಗಳ ವಿವರ ಪಡೆದು ಉತ್ತರದ ಕರಡು ಹೇಳುವ ಕೆಲಸ ಸಿಗತೊಡಗಿತು. ಎದುರಿನವರ ಮಾತನ್ನು ಆಗಲೇ ಅಕ್ಷರ ಮಾಡುವ ಆ್ಯಪ್ ಕೂಡ ಪ್ರಯತ್ನಿಸಿದೆವು. ಕನ್ನಡ ಅದಕ್ಕೆ ಬರುತ್ತದೆ, ಆದರೆ ಮಾತು ಮುಂದುವರಿದಂತೆ ಅದು ಹಿಂದಿನ ಪದಗಳನ್ನು ತಿದ್ದುತ್ತಿದ್ದುದರಿಂದ ಬೆರಳ ಕೆಳಗಿನ ಸಾಲು ನಿಲ್ಲುತ್ತಿರಲಿಲ್ಲ. ಒಬ್ಬರೇ ನಿಧಾನವಾಗಿ, ಒಂದೊಂದೇ ವಾಕ್ಯ ಹೇಳಿ ಕಾಯ್ದರೆ ಮಾತ್ರ ಪ್ರಯೋಜನ.

ಅವರ ಸ್ವಂತ ಬರವಣಿಗೆಯಲ್ಲಿ ಇನ್ನೊಂದು ಸೂಕ್ಷ್ಮ ಎದುರಾಯಿತು. ಮಾತು ಬರುತ್ತದಲ್ಲ ಎಂದು ಉತ್ತರಗಳನ್ನು ಧ್ವನಿಯಿಂದಲೇ ಬರೆಸುತ್ತಿದ್ದೆವು. ಆದರೆ ತನ್ನ ಧ್ವನಿ ತನಗೇ ಕೇಳಿಸದವರ ಉಚ್ಚಾರ ವರ್ಷಗಳಲ್ಲಿ ಸಡಿಲವಾಗುತ್ತದೆ. ಫೋನ್ ತಪ್ಪು ಪದ ಬರೆಯುವುದು ಹೆಚ್ಚಿತು. ಒಮ್ಮೆ ಮೇಲಧಿಕಾರಿಗೆ ಹೋದ ಸಂದೇಶದಲ್ಲಿ ಅರ್ಥವೇ ತಿರುಗಿಬಿಟ್ಟಿತ್ತು. ಅಂದಿನಿಂದ ಕಳುಹಿಸುವ ಮುನ್ನ ಬೆರಳಿನಿಂದ ಓದಿ ನೋಡುವುದು ಕಡ್ಡಾಯವಾಯಿತು. ಓದಿ ತಿದ್ದುವುದಕ್ಕಿಂತ ಡಿಸ್‌ಪ್ಲೇಯ ಕೀಲಿಗಳಲ್ಲೇ ಬರೆಯುವುದು ಸಲೀಸೆಂದು ಕ್ರಮೇಣ ಕಂಡುಕೊಂಡು, ಈಗ ಸಣ್ಣ ಉತ್ತರಗಳನ್ನು ಹಾಗೆಯೇ ಬರೆಯುತ್ತಾರೆ. 7ನೇ ಕೀಲಿ ಅಳಿಸಲು, 8ನೆಯದು ಮುಂದಿನ ಸಾಲಿಗೆ.

ಈಗಿನ ಸ್ಥಿತಿ

ಓದಿನ ವೇಗ ಆರಂಭದ ಎರಡು ಪಟ್ಟಿಗಿಂತ ಹೆಚ್ಚಾಗಿದೆ. ಚಳಿಗಾಲದ ಬೆಳಗಿನಲ್ಲಿ ಬೆರಳು ಇನ್ನೂ ತಡವರಿಸುತ್ತದೆ. ಫೋನ್ ತೆರೆಯುವ ಗುಪ್ತಸಂಖ್ಯೆಯನ್ನು ಅವರು ಬದಲಿಸಿ ಯಾರಿಗೂ ಹೇಳಿಲ್ಲ. ಮಗಳಿಗೆ ಮೊದಲು ತುಸು ಬೇಸರವಾಯಿತು, ನಂತರ ಹೊರೆ ಇಳಿದಂತಾಯಿತು ಎಂದಳು. ಇವೆರಡನ್ನೂ ದಾಖಲಿಸಬೇಕೆಂದು ತಂದೆಯೇ ಈ ಕರಡಿನಲ್ಲಿ ಸೇರಿಸಿದರು.

ಕೆಲವು ಏರ್ಪಾಡುಗಳನ್ನು ಹಾಗೇ ಕಾಪಾಡಿಕೊಂಡಿದ್ದೇವೆ. ಅಂಗೈ ಬರಹದ ಅಭ್ಯಾಸ ಬಿಟ್ಟಿಲ್ಲ, ಏಕೆಂದರೆ ಡಿಸ್‌ಪ್ಲೇ ನಿಂತ ದಿನ ಉಳಿಯುವುದು ಅದೊಂದೇ. ಫೋನಿನ ಸಿಸ್ಟಮ್ ಅಪ್‌ಡೇಟ್ ತಾನಾಗಿ ಆಗದಂತೆ ಇಟ್ಟು, ನೋಡಬಲ್ಲವರೊಬ್ಬರು ಪಕ್ಕದಲ್ಲಿರುವಾಗ ಮಾಡುತ್ತೇವೆ. ಅಪ್‌ಡೇಟ್ ಆದ ಮೇಲೆ ಜೋಡಣೆ ಬಿಟ್ಟುಹೋದರೆ ಅವರು ಒಬ್ಬರೇ ಅದನ್ನು ಸರಿಪಡಿಸಲಾರರು. ಸುರಕ್ಷತೆಯ ಅಪ್‌ಡೇಟ್‌ಗಳು ಇದರಿಂದ ಕೆಲವು ದಿನ ತಡವಾಗುತ್ತವೆ ಎಂಬುದನ್ನು ತಿಳಿಸಿಯೇ ಅವರ ಒಪ್ಪಿಗೆ ಪಡೆದೆವು. ಖಾಲಿ ಸಾಲು ಸಿಕ್ಕರೆ ಅನುಸರಿಸಬೇಕಾದ ಕ್ರಮವನ್ನು ಬ್ರೈಲ್ ಕಾಗದದಲ್ಲಿ ಒತ್ತಿ ಡಿಸ್‌ಪ್ಲೇಯ ಚೀಲದಲ್ಲೇ ಇಟ್ಟಿದ್ದೇವೆ: ಮೊದಲು ಚಾರ್ಜಿಂಗ್, ಆಮೇಲೆ ಡಿಸ್‌ಪ್ಲೇ ಆರಿಸಿ ಹೊತ್ತಿಸುವುದು, ಆಮೇಲೆ ಫೋನು, ಅದಾದ ಮೇಲಷ್ಟೇ ಇನ್ನೊಬ್ಬರ ಸಹಾಯ.

ಬಗೆಹರಿಯದೆ ಉಳಿದಿರುವುದು ದುರಸ್ತಿ. ಪಿನ್ನುಗಳ ಸಂದಿಯಲ್ಲಿ ಧೂಳು ಕೂತು ಎರಡು ಕೋಶಗಳು ಈಚೆಗೆ ಸರಿಯಾಗಿ ಏಳುತ್ತಿಲ್ಲ. ಉಪಕರಣವನ್ನು ಬೇರೆ ರಾಜ್ಯದ ಕೇಂದ್ರಕ್ಕೆ ಕಳುಹಿಸಿದರೆ ವಾರಗಟ್ಟಲೆ ಅವರ ಬಳಿ ಏನೂ ಇರುವುದಿಲ್ಲ, ಆದ್ದರಿಂದ ಕೆಟ್ಟ ಎರಡು ಕೋಶಗಳನ್ನು ಊಹಿಸಿಕೊಂಡೇ ಓದುತ್ತಿದ್ದಾರೆ. ಅಂಕಿಗಳಲ್ಲಿ ಊಹೆ ನಡೆಯದು. ಆ ಕೋಶಗಳ ಮೇಲೆ ಮೊತ್ತವೋ ಒಟಿಪಿಯೋ ಬಿದ್ದರೆ ಸಾಲನ್ನು ಸರಿಸಿ ಮತ್ತೆ ಓದುತ್ತಾರೆ. ದುರಸ್ತಿಯ ಅವಧಿಗೆ ಎರವಲು ಕೊಡಲು ಜಿಲ್ಲೆಯಲ್ಲಿ ಒಂದು ಹೆಚ್ಚುವರಿ ಡಿಸ್‌ಪ್ಲೇ ಇರಬೇಕೆಂದು ಸಂಬಂಧಪಟ್ಟ ಇಲಾಖೆಗೆ ಅವರೇ ತಮ್ಮ ಫೋನಿನಿಂದ ಅರ್ಜಿ ಬರೆದು ಕಳುಹಿಸಿದ್ದಾರೆ, ಅದು ಪರಿಶೀಲನೆಯಲ್ಲಿದೆ.